ಕಾಡಿಗೆ ಒಯ್ಯುವ ಕತ್ತಿ

ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುವ ನಮಗೆ ಕತ್ತಿ, ಕೊಡಲಿಗಳ ಗೊಡವೆ ಯಾಕೆ ಅಂತೀರಾ? ಮಲೆನಾಡಿನ ನಮ್ಮಂಥ ಮನೆಗಳಲ್ಲಿ ಕೊಟ್ಟಿಗೆಗೆ ಸೊಪ್ಪು, ಹಂಡೆ ಒಲೆಗೆ ಕಟ್ಟಿಗೆ ತರುವವರು ಹೆಂಗಸರೇ ತಾನೇ! ಆದರೆ ಆಯುಧ ಆರಿಸುವವರು ಮಾತ್ರ ಗಂಡಸರು.

'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ಗಾದೆ ಮರಗಳಿಗಷ್ಟೇ ಅಲ್ಲ. ನನ್ನ ನಾದಿನಿ ಕಟ್ಟಿಗೆ ಸೀಳುವಾಗ ಕೊಡಲಿಯ ತಲೆ ಕಾವಿನಿಂದ ಕಳಚಿ ಕಾಲಿಗೇ ಬಿತ್ತು. ಏಳು ಹೊಲಿಗೆ, ಒಂದು ತಿಂಗಳು ಹಾಸಿಗೆ. ಅಂದಿನಿಂದ ನಮ್ಮ ಮನೆಯ ಕತ್ತಿ, ಕೊಡಲಿಗಳನ್ನು ನಾನೇ ನೋಡಿ ಕೊಳ್ಳುತ್ತೇನೆ.

ಕೊಡಲಿ ಕೊಳ್ಳುವಾಗ ಮೊದಲು ಕಾವು ನೋಡಿ. ಮರದ ನಾರು ಉದ್ದಕ್ಕೂ ನೇರವಾಗಿರಬೇಕು. ಗಂಟು, ಬಿರುಕು ಇದ್ದರೆ ಬೇಡ. ತಲೆ ಅಲ್ಲಾಡಿದರೆ ನೀರಲ್ಲಿ ನೆನೆಹಾಕುವುದುಂಟು. ಆದರೆ ಮರ ಒಣಗಿದರೆ ಮತ್ತೆ ಸಡಿಲ. ಹೊಸ ಬೆಣೆ ಹೊಡೆಸುವುದೇ ಸರಿ. ಕೈಗೊಡಲಿ ಚಿಕ್ಕದು, ಅಪಾಯವಿಲ್ಲ ಅನ್ನಬೇಡಿ. ಕಾವು ಗಿಡ್ಡವಾದ್ದರಿಂದ ಗುರಿ ತಪ್ಪಿದ ಏಟು ನಿಂತವರ ಮೊಣಕಾಲಿಗೇ ಬರುತ್ತದೆ. ಮಂಡಿಯೂರಿ, ಕೊರಡಿನ ಮೇಲಿಟ್ಟು ಕಡಿಯಿರಿ.

ಸೊಪ್ಪಿಗೆ ಕೊಕ್ಕಿನಂತೆ ಬಾಗಿದ ಕತ್ತಿಯೇ ಚೆಂದ. ಕೊಂಬೆ ಎಳೆಯಲೂ ಆದೀತು, ಬಾಯಿ ಕಲ್ಲಿಗೆ ತಾಗುವುದೂ ಕಡಿಮೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ಬಡಿದ ಕತ್ತಿ ಗಟ್ಟಿಮುಟ್ಟು. ತುಕ್ಕು ಹಿಡಿಯುತ್ತದೆ ನಿಜ. ತೊಳೆದು, ಒರೆಸಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಇನ್ನು ಮೊಂಡು ಕತ್ತಿ ಕ್ಷೇಮ ಎನ್ನುವುದು ಶುದ್ಧ ಸುಳ್ಳು. ಹರಿತ ಇಲ್ಲದಿದ್ದರೆ ಜಾಸ್ತಿ ಬಲ ಹಾಕ್ತೀವಿ, ಆಗಲೇ ಅದು ಜಾರೋದು.

ಬೆಟ್ಟ ಹತ್ತಲು ಹೋಗುವ ಮಕ್ಕಳ ಚೀಲದಲ್ಲಿ ಕತ್ತಿ, ಕೊಡಲಿ ಬೇಕಿಲ್ಲ. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ನಾಲ್ಕು ಇಂಚಿನ ಚಾಕು ಧಾರಾಳ. ಅದಕ್ಕೂ ಒರೆ ಇರಲಿ. ಅಭಯಾರಣ್ಯವಾದರೆ ಅದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಆಯುಧ' ಎಂದರೆ ಚಾಕುವೂ ಸೇರಿದೆ. ಲಿಖಿತ ಅನುಮತಿ ಇಲ್ಲದೆ ಒಳಗೆ ಒಯ್ಯುವಂತಿಲ್ಲ. ನನ್ನ ಮಗ ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತಕ್ಕೆ ಹೊರಟಾಗ ಚಾಕು ತೆಗೆದಿಟ್ಟು, ಸುಲಿದ ಕಿತ್ತಳೆ ಡಬ್ಬಿಗೆ ತುಂಬಿ ಕಳಿಸಿದೆ. ಮುನಿಸಿಕೊಂಡ, ಆದರೆ ಹಣ್ಣು ಮಾತ್ರ ಒಂದೂ ವಾಪಸು ಬರಲಿಲ್ಲ ನೋಡಿ!