ಬಂದವರಿಗೊಂದು ಬೆಂಚು

ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತೆಯ ಕೆಲಸ ಮಾಡಿದವಳಿಗೆ ಯಾವ ದೊಡ್ಡ ಕಟ್ಟಡದ ಮುಂದೆ ನಿಂತರೂ ಮೊದಲು ಅದರ ಗೋಪುರ ಕಮಾನುಗಳು ಕಣ್ಣಿಗೆ ಬೀಳುವುದಿಲ್ಲ, ಬೆಂಚು ಬೀಳುತ್ತದೆ. ಬಂದವರು ಕೂರುವುದೆಲ್ಲಿ, ಕುಡಿಯುವ ನೀರೆಲ್ಲಿ, ಯಾವ ಕೆಲಸಕ್ಕೆ ಯಾವ ಕೋಣೆಯೆಂದು ತಿಳಿಸುವ ಫಲಕವೆಲ್ಲಿ, ಹೆಂಗಸರು ಮಕ್ಕಳಿಗೆ ಅನುಕೂಲವೆಲ್ಲಿ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಇದನ್ನು ವೃತ್ತಿದೋಷವೆನ್ನುವುದಾದರೆ ಎನ್ನಿರಿ. ನನ್ನ ಮೇಜಿನ ಮುಂದೆ ಬಂದು ನಿಲ್ಲುವವರು ಎಷ್ಟೋ ಸಲ ಮೊದಲು ಕೇಳುವುದು ಅರ್ಜಿಯ ಸಂಗತಿಯನ್ನಲ್ಲ, ಎಲ್ಲಿ ಕೂತಿರಬೇಕು ಎಂಬುದನ್ನು. ಮನುಷ್ಯನಿಗೆ ಕೂರಲು ಒಂದು ಜಾಗ ತೋರಿಸಿದರೆ ಅರ್ಧ ಕೆಲಸವಾದಂತೆ.

ಊರಿನಿಂದ ನೆಂಟರು ಬಂದರೆ ಪಟಾನ್‌ಚೆರುವಿನ ನಾವೆಲ್ಲ ಮಾಡುವುದು ಒಂದೇ. ಗೋಲ್ಕೊಂಡಾ, ಚಾರ್‌ಮಿನಾರ್, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ ತೋರಿಸಿ, ಬಳೆ ಕೊಡಿಸಿ, ಬಿರಿಯಾನಿಯನ್ನೋ ಇಡ್ಲಿಯನ್ನೋ ಅವರವರ ಮತಾನುಸಾರ ತಿನ್ನಿಸಿ, ರೈಲು ಹತ್ತಿಸುತ್ತೇವೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆರ್ಟ್ಸ್ ಕಾಲೇಜಿಗೆ ಕರೆದೊಯ್ಯುವವರು ಅಪರೂಪ. ಲಿಂಗಂಪಲ್ಲಿಗೆ ಹೋಗಿ, ಫಲಕ್‌ನುಮಾ ಕಡೆಯ ಲೋಕಲ್ ರೈಲು ಹಿಡಿದರೆ ಸಿಕಂದರಾಬಾದು ದಾಟಿದ ಮೇಲೆ 'ಆರ್ಟ್ಸ್ ಕಾಲೇಜ್' ಎಂಬ ನಿಲ್ದಾಣವೇ ಬರುತ್ತದೆ. ಅದೇ ರೈಲಿನಲ್ಲಿ ಇನ್ನಷ್ಟು ಮುಂದೆ ಹೋದರೆ ನಮ್ಮವರ ಹಳೆಯ ನೆಲೆಯಾದ ಕಾಚಿಗುಡಾ.

ವಿಶ್ವವಿದ್ಯಾನಿಲಯ ಪ್ರಾರಂಭವಾದದ್ದು 1918ರಲ್ಲಿ. ಮೊದಮೊದಲು ಊರೊಳಗಿನ ಬೇರೆ ಕಟ್ಟಡಗಳಲ್ಲಿ ಪಾಠ ನಡೆಯುತ್ತಿತ್ತು. ಸ್ವಂತ ಮನೆ ಕಟ್ಟುವ ಮುನ್ನ ನಾಲ್ಕು ಮನೆ ನೋಡಿಬರುವುದು ನಮ್ಮಲ್ಲೂ ಇರುವ ಪದ್ಧತಿ. ಅದರಂತೆ ಜೈನ್ ಯಾರ್ ಜಂಗ್, ಸೈಯದ್ ಅಲಿ ರಜಾ ಎಂಬ ಇಬ್ಬರನ್ನು ಹೊರದೇಶಗಳ ವಿಶ್ವವಿದ್ಯಾನಿಲಯಗಳನ್ನು ನೋಡಿಬರಲು ಕಳುಹಿಸಿದರು. ನಕ್ಷೆಯ ಭಾರ ಬಿದ್ದದ್ದು ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ಅವರ ಮೇಲೆ. 1934ರಲ್ಲಿ ಅಡಿಗಲ್ಲು ಬಿತ್ತು. 1939ರ ಡಿಸೆಂಬರ್ 4ರಂದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕಟ್ಟಡವನ್ನು ತೆರೆದರು. ಆ ಕಾಲಕ್ಕೆ ಅದು ಅತ್ಯಾಧುನಿಕ. ಗುಲಾಬಿ ಛಾಯೆಯ ಗ್ರಾನೈಟ್ ಕಲ್ಲು, ನಡುವೆ ಆಳೆತ್ತರಗಳನ್ನು ಮೀರಿದ ಮಹಾದ್ವಾರ, ಮುಸಲ್ಮಾನ್ ಶೈಲಿಯ ಕಮಾನುಗಳ ಜೊತೆಗೇ ಅಜಂತಾ ಎಲ್ಲೋರಾಗಳ ನೆನಪು ತರುವ ಕಂಬಗಳು. ಬಿಸಿಲಿನಲ್ಲಿ ಬೆಂದು ಬಂದವರು ಒಳಗೆ ಕಾಲಿಟ್ಟರೆ ದಪ್ಪ ಗೋಡೆ ಎತ್ತರದ ಚಾವಣಿಗಳ ತಂಪೇ ಮೊದಲ ಉಪಚಾರ.

ಈ ಕಟ್ಟಡ ನಮಗೇನಾಗಬೇಕು? ಸಂಸ್ಥಾನದ ಬೊಕ್ಕಸದ ಹಣದಿಂದ ಎದ್ದದ್ದು ಇದು; ಆ ಬೊಕ್ಕಸಕ್ಕೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ರೈತರೂ ಕಂದಾಯ ಕಟ್ಟಿದವರೇ. ಆದರೆ 1948ರವರೆಗೆ ಇಲ್ಲಿನ ಪಾಠ ಉರ್ದುವಿನಲ್ಲಿ. ಜೋಳದ ಹೊಲದಿಂದ ಬಂದ ಕನ್ನಡದ ಹುಡುಗ ತನ್ನ ತಂದೆಯ ಹಣದಿಂದ ಕಟ್ಟಿದ ಮನೆಯಲ್ಲೇ ಅತಿಥಿಯಂತೆ ಕುಳಿತು ಓದಬೇಕಾಯಿತು. ಹಾಗೆಂದು ಆ ಪ್ರಯೋಗವನ್ನು ಹೀಗಳೆಯುವುದೂ ತರವಲ್ಲ. ಗಣಿತ, ವಿಜ್ಞಾನ, ವೈದ್ಯವನ್ನು ಭಾರತದ ಒಂದು ಭಾಷೆಯಲ್ಲಿ ಕಲಿಸಬಹುದೆಂದು ಪುಸ್ತಕಗಳನ್ನು ಅನುವಾದಿಸಿ ಮಾಡಿ ತೋರಿಸಿದ ವಿಶ್ವವಿದ್ಯಾನಿಲಯವಿದು. ಕನ್ನಡಕ್ಕೂ ಇಲ್ಲೊಂದು ಮೂಲೆಯಿತ್ತು. ಡಿ. ಕೆ. ಭೀಮಸೇನರಾಯರು ಇಲ್ಲಿ ಕನ್ನಡ ಕಲಿಸಿದರು. ಕವಿ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು.

ನಮ್ಮ ಸೋದರಮಾವನೂ ಅಲ್ಲಿ ಓದಿದವನೇ. ಬೀದರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದರೂ, 1963ರಲ್ಲಿ ಅವನ ಪಾಲಿಗೆ ಧಾರವಾಡಕ್ಕಿಂತ ಹೈದರಾಬಾದೇ ಹತ್ತಿರ. ಎರಡು ವರ್ಷ ಓದಿ, ತಂದೆ ತೀರಿಕೊಂಡದ್ದರಿಂದ ಪರೀಕ್ಷೆಗೆ ಕೂರದೆ ಊರಿಗೆ ಹೋಗಿ ಒಕ್ಕಲುತನಕ್ಕೆ ನಿಂತ. ತನ್ನ ಓದಿನ ಮಾತನ್ನು ಮತ್ತೆ ಎತ್ತಿದವನಲ್ಲ. ಕಳೆದ ಚಳಿಗಾಲದಲ್ಲಿ ಕಣ್ಣಿನ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಾಗ, ಊಟಕ್ಕೆ ಕೂತವನು ಇದ್ದಕ್ಕಿದ್ದಂತೆ, "ಯವ್ವಾ, ನಮ್ಮ ಕಾಲೇಜು ಒಮ್ಮೆ ನೋಡಬೇಕಲ್ಲಾ" ಎಂದ. ಒಂದು ದಿನದ ರಜೆ ಹಾಕಿ ಮಗಳನ್ನೂ ಜೊತೆಗೆ ಕರೆದುಕೊಂಡು ಹೊರಟೆ.

ಮಹಾದ್ವಾರದ ಮೆಟ್ಟಿಲುಗಳ ಕೆಳಗೆ ಮಾವ ನಿಂತುಬಿಟ್ಟ. ಮೊಳಕಾಲು ನೋವಿನವನು. "ನಾ ಇಲ್ಲೇ ಕೂಡ್ತೀನಿ, ನೀವು ನೋಡಿಕೊಂಡು ಬರ್ರಿ" ಎಂದ. ಅಷ್ಟರಲ್ಲಿ ಅಲ್ಲಿದ್ದ ಜವಾನನೊಬ್ಬ ಬಂದು ಯಾರು ಏನು ಎಂದು ವಿಚಾರಿಸಿದ. ಮಾವ ಬೀದರದ ಉರ್ದುವಿನಲ್ಲಿ ತಾನು ಇಲ್ಲಿಯ ಹಳೆಯ ವಿದ್ಯಾರ್ಥಿಯೆಂದೂ, ಯಾವ ಇಸವಿಯೆಂದೂ ಹೇಳಿದ. ಜವಾನ ಒಂದು ಕುರ್ಚಿ ತಂದಿಟ್ಟು, ನೀರು ಕೊಟ್ಟು, "ಸಾಹೇಬರೇ, ಅವಸರವೇನಿಲ್ಲ" ಎಂದ. ಹತ್ತು ನಿಮಿಷ ಸುಧಾರಿಸಿಕೊಂಡ ಮೇಲೆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಎರಡು ಕಡೆ ಕೈಹಿಡಿದರು; ಮಾವ ಮೆಟ್ಟಿಲು ಹತ್ತಿದ. ಒಳಗೆ ಒಂದು ಕೋಣೆಯ ಬಾಗಿಲಲ್ಲಿ ನಿಂತು ಕಿಟಕಿಯ ಕಡೆ ಬೆರಳು ತೋರಿಸಿ, "ಅಲ್ಲಿ ಕೂಡ್ತಿದ್ದೆ" ಎಂದಷ್ಟೇ ಹೇಳಿದ. ಅರವತ್ತು ವರ್ಷ ಎತ್ತದ ಮಾತು ಅದು. ಆ ಕುರ್ಚಿ ಬಾರದೆ ಇದ್ದಿದ್ದರೆ ಮಾವ ಕೆಳಗಿನಿಂದಲೇ ಹಿಂದಿರುಗುತ್ತಿದ್ದ. ನನ್ನ ಮಗಳಿಗೆ ತನ್ನ ಅಜ್ಜಂದಿರಲ್ಲೊಬ್ಬರು ಇಲ್ಲಿ ಓದಿದ್ದು ಕೇಳಿದ ಕಥೆಯಾಗಿ ಉಳಿಯುತ್ತಿತ್ತು.

ನಮ್ಮ ಪಟಾನ್‌ಚೆರುವಿನ ಹೆದ್ದಾರಿಯಲ್ಲಿ ಒಂದು ದಿಕ್ಕಿಗೆ ಹೋದರೆ ಈ ವಿದ್ಯಾಮಂದಿರ. ಇನ್ನೊಂದು ದಿಕ್ಕಿಗೆ ಜಹೀರಾಬಾದಿನವರೆಗೆ ಹೋಗಿ ಬಲಕ್ಕೆ ತಿರುಗಿದರೆ ಬೀದರದಲ್ಲಿ ಇನ್ನೂ ಹಳೆಯದೊಂದು. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅದು. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಸುತ್ತ ಗಾಳಿ ಬೆಳಕಿರುವ ವಿದ್ಯಾರ್ಥಿಗಳ ಕೋಣೆಗಳು, ಗುರುಗಳಿಗೂ ಅಲ್ಲೇ ವಸತಿ. ಮೂರು ಸಾವಿರ ಗ್ರಂಥಗಳ ಭಂಡಾರವೂ, ದೂರದಿಂದ ಬಂದವರಿಗೆ ಉಚಿತ ಊಟವೂ ಇದ್ದುವೆಂದು ಇತಿಹಾಸಕಾರರು ಬರೆಯುತ್ತಾರೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಒಂದು ಪಾರ್ಶ್ವ ಕುಸಿಯಿತು. ಉಳಿದ ಗೋಡೆಯ ಬಣ್ಣದ ಹೆಂಚುಗಳು ಇಂದಿಗೂ ಹೊಳೆಯುತ್ತವೆ. ಗವಾನ್ ಪರ್ಷಿಯಾದ ಗೀಲಾನಿನಿಂದ ಬಂದವನು. ಜಾಸ್ಪರ್ ಬೆಲ್ಜಿಯಂನಿಂದ ಬಂದವರು. ಎರಡು ಮನೆಗಳಿಗೂ ರೂಪ ಕೊಟ್ಟವರು ಹೊರಗಿನಿಂದ ಬಂದವರೇ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದೊಂದು ಸಮಾಧಾನದ ಸಂಗತಿಯಲ್ಲವೆ?

ಬೇರೊಂದು ಊರಿನ ಹೊಚ್ಚ ಹೊಸ ವಿದ್ಯಾಸಂಸ್ಥೆಗೆ ನಮ್ಮ ಅತ್ತೆಯವರೊಡನೆ ಹೋದದ್ದೂ ಉಂಟು. ಗಾಜಿನ ಗೋಡೆ, ನೆಲ ಕನ್ನಡಿಯಂತೆ. ಎರಡು ತಾಸು ಕಾದರೂ ಅತ್ತೆಯವರಿಗೆ ಶೌಚಾಲಯ ಯಾವ ಕಡೆಯೆಂದು ಹೇಳುವ ಫಲಕವೂ ಕಾಣಲಿಲ್ಲ, ಮನುಷ್ಯನೂ ಸಿಗಲಿಲ್ಲ. ಹೆಂಗಸರು ಪ್ರಯಾಣದ ದಿನ ನೀರು ಕುಡಿಯದೆ ಹೊರಡುವುದು ಏತಕ್ಕೆಂದು ನಕ್ಷೆ ಬರೆಯುವವರು ಒಮ್ಮೆ ತಮ್ಮ ಮನೆಯಲ್ಲೇ ಕೇಳಿ ನೋಡಲಿ. ಈಗ ಕಾನೂನೂ ಇದೆ: 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳಿಗೆ ಎಲ್ಲರೂ ತೊಡಕಿಲ್ಲದೆ ಬಂದುಹೋಗುವಂತಿರಬೇಕೆಂದು ವಿಧಿಸುತ್ತದೆ. ಇಳಿಜಾರು ದಾರಿ, ಹಿಡಿಗಂಬಿ, ಓದಬಲ್ಲ ಫಲಕ—ಇವು ಯಾರೋ ಮಾಡುವ ಉಪಕಾರಗಳಲ್ಲ. ಅತಿಥಿಗೆ ಮಣೆ ಹಾಕುವುದು ಮನೆಯ ಯಜಮಾನನ ಧರ್ಮ.

ನಮ್ಮ ಸಂಘದವರಲ್ಲಿ ನನ್ನದೊಂದು ವಿಜ್ಞಾಪನೆ. ಪ್ರತಿವರ್ಷ ವನಭೋಜನಕ್ಕೆ ಹೋಗುತ್ತೇವಲ್ಲ, ಈ ಸಲ ಹಿರಿಯರನ್ನೂ ಮಕ್ಕಳನ್ನೂ ಆರ್ಟ್ಸ್ ಕಾಲೇಜಿಗೆ ಕರೆದೊಯ್ಯೋಣ. ಅದು ಪಾಠ ನಡೆಯುವ ಮನೆ. ಸದ್ದು ಮಾಡಬಾರದು, ಮುಂಚಿತವಾಗಿ ಪತ್ರ ಬರೆದು ಅಪ್ಪಣೆ ಪಡೆಯಬೇಕು. ಪತ್ರದ ಕರಡು ನಾನು ಮಾಡಿಕೊಡುತ್ತೇನೆ. ಅದೊಂದು ವಿದ್ಯೆ ನನಗೆ ಬಂದೇ ಇದೆ. ಮಡಚುವ ಕುರ್ಚಿಗಳು ನಾಲ್ಕು, ನೀರಿನ ಕ್ಯಾನು ಎರಡು, ಕಟ್ಟಡದ ಇತಿಹಾಸವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ನಮ್ಮ ಕೈಯಲ್ಲಿರಲಿ. ಅಲ್ಲಿ ಓದಿದ ಹಿರಿಯರು ನಮ್ಮ ಕುಟುಂಬಗಳಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೋ, ಅವರ ಹೆಸರುಗಳನ್ನು ಈಗಲೇ ಕಾರ್ಯದರ್ಶಿಗಳಿಗೆ ತಿಳಿಸಿರಿ. ಎಂಬತ್ತು ದಾಟಿದವರ ವಿಷಯದಲ್ಲಿ ಮುಂದಿನ ವರ್ಷ ನೋಡೋಣವೆಂದು ಕಡತ ಮುಚ್ಚಿಡುವುದು ಒಳ್ಳೆಯದಲ್ಲ.