ಹಿಂದಿನದು ಮುಂದಕ್ಕೆ

ಉರುಳುವ ಕೊರಡಿನ ಮೇಲೆ ದೋಣಿ ಎರಡು ಮಾರು ಸಾಗಿದರೆ ಕೊರಡು ಸಾಗುವುದು ಒಂದೇ ಮಾರು. ಯಾರು ಎಷ್ಟೇ ಜಾಣತನದಿಂದ ನೂಕಿದರೂ ಈ ಲೆಕ್ಕ ತಪ್ಪುವುದಿಲ್ಲ. ಕೊರಡಿನ ತಳ ನೆಲವನ್ನು ಕಚ್ಚಿಕೊಂಡಿರುತ್ತದೆ, ನೆತ್ತಿ ದೋಣಿಯ ಜೊತೆ ಓಡುತ್ತದೆ, ನಡುಮೈ ಮಾತ್ರ ಅರ್ಧ ವೇಗದಲ್ಲಿ ತೆವಳುತ್ತದೆ. ಮೂತಿಯ ಕೆಳಗಿಟ್ಟ ಕೊರಡು ಸ್ವಲ್ಪ ಹೊತ್ತಿಗೆ ಹಿಂಬದಿಯಿಂದ ಹೊರಬೀಳುತ್ತದೆ. ಅದನ್ನೆತ್ತಿಕೊಂಡು ಓಡಿ ಮತ್ತೆ ಮುಂದೆ ಇಡಬೇಕು. ನಾನು ಸಣ್ಣವನಿದ್ದಾಗ ಆ ಕೆಲಸ ನನ್ನದಾಗಿತ್ತು. ನೂಕುವ ತೋಳಿಲ್ಲದ, ಹಗ್ಗ ಹಿಡಿಯುವ ತೂಕವಿಲ್ಲದ, ಓಡುವ ಕಾಲು ಮಾತ್ರ ಇರುವ ಹುಡುಗರಿಗೆ ಮೀಸಲಾದ ಹುದ್ದೆ ಅದು. ದೊಡ್ಡವರ ಐಲೇಸಾದ ನಡುವೆ ಯಾರಾದರೊಬ್ಬರು "ಹಿಂದಿಂದ್ ಮುಂದೆ! ಹಿಂದಿಂದ್ ಮುಂದೆ!" ಎಂದು ಕೂಗುತ್ತಲೇ ಇರುತ್ತಿದ್ದರು.

ನಮ್ಮೂರು ಮರವಂತೆಯ ಹತ್ತಿರ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಮಳೆಗಾಲ ಹತ್ತಿರ ಬಂದಾಗ ನಮ್ಮ ಕೇರಿಯವರು ದಡದ ದೋಣಿಯನ್ನು ರಸ್ತೆ ದಾಟಿಸಿ, ಹೊಳೆಯ ಕಡೆಯ ತೆಂಗಿನ ತೋಟದೊಳಗೆ ತಂದು, ಮಡಲು ಹೊದಿಸಿ ಮಲಗಿಸುತ್ತಿದ್ದರು. ಕೊರಡುಗಳು ಗಾಳಿಮರದವು. ಹೊಯ್ಗೆಯಲ್ಲಿ ಅವು ಉರುಳಿದ್ದಕ್ಕಿಂತ ಹೂತುಕೊಂಡದ್ದೇ ಹೆಚ್ಚು. ಕೆಳಗೆ ಹಲಗೆ ಹಾಸಬೇಕು. ಹಲಗೆ ಸಾಲದ ಕಡೆ, ಉರುಳದಿದ್ದರೆ ಜಾರಲಿ ಎಂದು, ಮಡಲಿನ ಬುಡಗಳಿಗೆ ಮೀನೆಣ್ಣೆ ಬಳಿದು ಎಳೆಯುತ್ತಿದ್ದರು. ಡಾಂಬರು ರಸ್ತೆಗೆ ಬಂದ ಮೇಲೆ ಮಾತ್ರ ಕೊರಡುಗಳಿಗೆ ತಮ್ಮ ಜನ್ಮದ ಉದ್ದೇಶ ನೆನಪಾಗಿ ಗಡಗಡನೆ ಓಡುತ್ತಿದ್ದವು. ಬೈಂದೂರಿನ ಬಸ್ಸು ಅಡ್ಡ ನಿಲ್ಲುತ್ತಿತ್ತು. ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಪ್ರಯಾಣಿಕರಲ್ಲಿ ನಾಲ್ಕಾರು ಜನ ಇಳಿದು ಬಂದು ಕೈ ಹಾಕುತ್ತಿದ್ದರು. ನಾಲ್ಕು ಪಥದ ಈಗಿನ ರಸ್ತೆಯಲ್ಲಿ ಅದನ್ನು ಮಾಡಹೊರಟರೆ ದೋಣಿಯ ಗತಿ ಹಾಗಿರಲಿ, ನಮ್ಮ ಗತಿ ಏನು!

ನೀರಿನಿಂದ ನೀರಿಗೆ ನೆಲದ ಮೇಲೆ ಹಡಗು ಸಾಗಿಸಿದವರಲ್ಲಿ ಹೆಸರು ಮಾಡಿದವನು ಅಟೊಮನ್ ಸುಲ್ತಾನ ಎರಡನೆಯ ಮೆಹ್ಮದ್. ಕಾನ್‌ಸ್ಟಾಂಟಿನೋಪಲಿನವರು ತಮ್ಮ ಬಂದರಿನ ಬಾಯಿಗೆ ಕಬ್ಬಿಣದ ಸರಪಳಿ ಬಿಗಿದು ನಿಶ್ಚಿಂತೆಯಿಂದ ಕೂತಿದ್ದರು. 1453ರ ಏಪ್ರಿಲ್ 22ರಂದು ನೋಡಿದರೆ, ಸುಮಾರು 70 ಹಡಗುಗಳು ಗುಡ್ಡ ಹತ್ತಿಳಿದು ಸರಪಳಿಯ ಒಳಬದಿಗೆ ಬಂದಿದ್ದವು. ಕೊಬ್ಬು ಸವರಿದ ಮರದ ದಿಮ್ಮಿ, ಎತ್ತುಗಳು, ಲೆಕ್ಕವಿಲ್ಲದಷ್ಟು ಆಳುಗಳು. ಮುಂದಿನ ತಿಂಗಳು ಊರು ಬಿತ್ತು. ಚರಿತ್ರೆಯಲ್ಲಿ ಸುಲ್ತಾನನ ಬುದ್ಧಿಗೆ ಸಿಕ್ಕಿದ ಪುಟಗಳಲ್ಲಿ ಕೊಬ್ಬು ಸವರಿದವರಿಗೆ ಒಂದು ಸಾಲೂ ಇಲ್ಲ. ನಮ್ಮ ಕಡೆಯವರು ಇಂಥ ವಿಷಯವನ್ನು ಗಮನಿಸುತ್ತಾರೆ.

ಈಗ ತಮ್ಮನ ಮಗ ಬೆಂಗಳೂರಿನಿಂದ ಒಂದು ಸಣ್ಣ ಫೈಬರ್ ಹಾಯಿದೋಣಿ ತಂದು ನಮ್ಮ ತೋಟದಲ್ಲಿಟ್ಟಿದ್ದಾನೆ. ರಜೆ ಸಿಕ್ಕಿದಾಗ ಬಂದು ಹೊಳೆಯಲ್ಲಿ ಗಾಳಿ ತಿನ್ನುತ್ತಾನೆ. ತೂಕ 120 ಕಿಲೋ. ಇಬ್ಬರೇ ಎತ್ತಿದರೆ ಸೊಂಟ ಹೋಗುತ್ತದೆ. ಎತ್ತಲು ಇನ್ನಿಬ್ಬರನ್ನು ಹುಡುಕಿದರೆ ರಜೆಯೇ ಹೋಗುತ್ತದೆ. ಅದಕ್ಕೇ ದೋಣಿಯ ಜೊತೆ ಮೂರು ರೋಲರ್ ಬಂದವು. ಪಿವಿಸಿ ಬಟ್ಟೆಯವು, ಮಡಚಿದರೆ ಚೀಲದಲ್ಲಿ ಹಿಡಿಯುತ್ತವೆ. ಕಾಲಿನಿಂದ ತುಳಿಯುವ ಪಂಪಿನಲ್ಲಿ ಗಾಳಿ ತುಂಬಿದರೆ ನನ್ನ ತೊಡೆಗಿಂತ ದಪ್ಪದ ದಿಂಡುಗಳಾಗುತ್ತವೆ. ನೀರಿಗಿಳಿದ ಮೇಲೆ ದೋಣಿಯೊಳಗೇ ಕಟ್ಟಿಟ್ಟುಕೊಂಡರೆ, ಮಗುಚಿದಾಗ ಮುಳುಗದಂತೆ ತೇಲಿಸುವುದೂ ಅವೇ.

ನೋಡಿದ ಕೂಡಲೇ ನಾನು ನಂಬಲಿಲ್ಲ. ಆದರೆ ಇದರ ಗುಟ್ಟು ಬಹಳ ಸೊಗಸಾದದ್ದು. ಕಾರಿನ ಟಯರಿಗೆ 30 ಪಿಎಸ್‌ಐ ಆಸುಪಾಸು ಗಾಳಿ ಬೇಕು. ಇದಕ್ಕೆ ಒಂದೋ ಎರಡೋ ಸಾಕು. ಒಂದು ಪಿಎಸ್‌ಐ ಒತ್ತಡದ ರೋಲರ್ ಮೇಲೆ 60 ಕಿಲೋ ಭಾರ ಬಿದ್ದರೆ ಅದು ಸುಮಾರು 850 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ನೆಲಕ್ಕೆ ಚಪ್ಪಟೆಯಾಗಿ ಒರಗಿಕೊಳ್ಳುತ್ತದೆ. ಹತ್ತು ಪಿಎಸ್‌ಐ ತುಂಬಿದರೆ ಅದೇ ಭಾರವೆಲ್ಲ ಅದರ ಹತ್ತರಲ್ಲೊಂದು ಪಾಲಿನ ಮೇಲೆ ಕೂತು ಹೊಯ್ಗೆಯನ್ನು ಅಗೆಯುತ್ತದೆ. ಮರದ ಕೊರಡು ಹೂತುಕೊಳ್ಳುತ್ತಿದ್ದುದೂ ಇದಕ್ಕೇ: ಅದಕ್ಕೆ ಸ್ವಲ್ಪವೂ ಬಗ್ಗಲು ಬಾರದು. ಹಾಗೆಂದು ಗಾಳಿ ತೀರಾ ಕಮ್ಮಿಯಾದರೆ ದೋಣಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ದೋಸೆ ಹಿಟ್ಟಿನ ಹದದ ಹಾಗೆ, ಇದನ್ನು ಅಳತೆ ಹೇಳಿ ಕಲಿಸುವುದು ಕಷ್ಟ.

ಇದು ಕಾರ್ಖಾನೆಯವರ ತಲೆಯಲ್ಲಿ ಹುಟ್ಟಿದ ಉಪಾಯ ಅಂದುಕೊಂಡಿದ್ದೆ. ಅಲ್ಲ. ವಿಲಿಯಂ ಆಲ್ಬೀ ಎಂಬ ಅಮೆರಿಕದವನೊಬ್ಬ ಅಲಾಸ್ಕಾದಲ್ಲಿದ್ದಾಗ, ಅಲ್ಲಿಯ ಮೂಲನಿವಾಸಿಗಳು ಭಾರದ ದೋಣಿಯೊಂದನ್ನು ದಡಕ್ಕೆ ತರುವುದನ್ನು ಕಂಡ. ದೋಣಿಯ ಅಡಿಯಲ್ಲಿ ಉರುಳುತ್ತಿದ್ದವು ಗಾಳಿ ತುಂಬಿದ ಸೀಲ್ ಚರ್ಮಗಳು. ಮರವೇ ಅಪರೂಪವಾದ ಕಡಲತೀರದಲ್ಲಿ ಕೊರಡು ಎಲ್ಲಿಂದ ತರುತ್ತಾರೆ? ಆಲ್ಬೀ ಅದನ್ನು ಮರೆಯಲಿಲ್ಲ. 1950ರ ದಶಕದಲ್ಲಿ ರೋಲಿಗಾನ್ ಎಂಬ ವಾಹನವನ್ನು ತಂದ. ಅದಕ್ಕೆ ಚಕ್ರದ ಬದಲು ಅಗಲವಾದ, ಕಡಿಮೆ ಗಾಳಿಯ ರಬ್ಬರ್ ಚೀಲಗಳು. ನೆಲದ ಮೇಲೆ ಮಲಗಿದ ಮನುಷ್ಯರ ಮೇಲೇ ಅದನ್ನು ಹಾಯಿಸಿ ತೋರಿಸುತ್ತಿದ್ದರು, ಮಲಗಿದವರು ಎದ್ದು ಬರುತ್ತಿದ್ದರು. ನಾನಾದರೆ ಮಲಗುತ್ತಿರಲಿಲ್ಲ. ಅಲಾಸ್ಕಾದ ಮೆತ್ತನೆ ನೆಲದ ಮೇಲೆ ಎಣ್ಣೆ ಕಂಪನಿಗಳಿಗೆ ಆ ವಾಹನ ಬಹಳ ಒದಗಿತು. ಚೀನಾದವರು ಇದೇ ದಾರಿಯನ್ನು ಬೇರೆ ಅಳತೆಗೆ ಒಯ್ದರು: 1981ರಲ್ಲಿ ಜೀನಾನ್‌ನ ಹಡಗುಕಟ್ಟೆಯೊಂದರಲ್ಲಿ 60 ಟನ್ನಿನ ಟ್ಯಾಂಕ್ ದೋಣಿಯನ್ನು ಗಾಳಿಚೀಲಗಳ ಮೇಲೆ ನೀರಿಗಿಳಿಸಿದರು. ಇವತ್ತು ಸಾವಿರಾರು ಟನ್ನಿನ ಹಡಗುಗಳೇ ಹಾಗೆ ಇಳಿಯುತ್ತವೆ. ಆ ಚೀಲಗಳಿಗೆ 2011ರಲ್ಲಿ ಐಎಸ್‌ಒ ಮಾನದಂಡವೂ ಬಂತು. ಸೀಲ್ ಚರ್ಮಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲ.

ನಮ್ಮ ತೋಟದಿಂದ ಹೊಳೆಗೆ ಇಳಿಜಾರು. ಅಲ್ಲಿ ರೋಲರ್ ಮೇಲಿನ ದೋಣಿಯನ್ನು ನೂಕುವುದಲ್ಲ, ಹಿಡಿಯುವುದೇ ಕೆಲಸ. ಹಿಂದಿನಿಂದ ಹಗ್ಗ ಬಿಗಿಹಿಡಿಯದಿದ್ದರೆ ಅದು ನಮ್ಮನ್ನು ಬಿಟ್ಟು ತಾನೊಂದೇ ಹೊಳೆಗೆ ಹೊರಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ನಡುಹಗಲಲ್ಲಿ ಸ್ವಲ್ಪ ಬಿಡಬೇಕು. ಚಿಪ್ಪಿನ ಚೂರಿಗೆ ಹೆದರಬೇಕು, ಬಾಟಲಿ ಚೂರಿಗೆ ಇನ್ನೂ ಹೆಚ್ಚು. ಇದನ್ನೆಲ್ಲ ತಮ್ಮನ ಮಗ ಕಂಪನಿಯ ಪುಸ್ತಕ ಹಿಡಿದು ವಿವರಿಸುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಬೇಲಿ ದಾಟಿ ಬಂದರು. ಒಂದು ಕಾಲಕ್ಕೆ ರಂಪಣಿ ಬಲೆಯ ಜೊತೆ ಬದುಕಿದವರು. ರೋಲರಿಗೆ ಹೆಬ್ಬೆರಳು ಒತ್ತಿ ನೋಡಿ, "ಗಾಳಿ ಜಾಸ್ತಿ ಆಯ್ತ್ ಕಾಣ್. ಸ್ವಲ್ಪ ಬಿಡ್" ಅಂದರು.

"ಅಜ್ಜ, ಪುಸ್ತಕದಲ್ಲಿ ಇಷ್ಟೇ ಹೇಳಿದಾರೆ."

"ಪುಸ್ತಕದವ್ರ್ ನಮ್ಮ್ ಹೊಯ್ಗಿ ಕಂಡಿದ್ರಾ?"

ಹುಡುಗ ನನ್ನ ಮುಖ ನೋಡಿದ. ನಾನು ಬಿರಡೆ ಸಡಿಲಿಸಿದೆ. ದೋಣಿ ನಿಂತಲ್ಲಿಂದ ಹೊರಟಿತು. ಹೊಳೆ ಮುಟ್ಟಿದ ಮೇಲೆ ಹಿರಿಯರು ಬೆಲೆ ವಿಚಾರಿಸಿದರು, ಕೇಳಿ "ಅಬ್ಬ!" ಅಂದರು. ಆಮೇಲೆ ತಮ್ಮ ಪಾತಿದೋಣಿಗೆ ಎರಡು ಸಾಕಾದೀತೇ ಎಂದು ಕೇಳಿದರು. ಸಾಕು, ಆದರೆ ಚಿಪ್ಪು ತಾಗಬಾರದು ಅಂದೆ. ಅವರು ಅಲ್ಲಿಂದಲೇ ಮೊಮ್ಮಗನನ್ನು ಕೂಗಿ, ಮೊಬೈಲು ಒಳಗಿಟ್ಟು ಹಿಡಿಸೂಡಿ ತೆಗೆದುಕೊಂಡು ಬಾ ಎಂದರು.