ಮಾಳಿಗೆಗೆ ಮಣ್ಣು ಹಾಕುವವರಿಲ್ಲ

ಮುಂಗಾರಿಗೆ ಮೊದಲು ಮಾಳಿಗೆಗೆ ಮಣ್ಣು ಏರಿಸುವುದು ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಕಡೆ ಬಿತ್ತನೆಯಷ್ಟೇ ತಪ್ಪದ ಕೆಲಸವಾಗಿತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಆಮೇಲೆ ದಪ್ಪಗೆ ಮಣ್ಣು. ಕೊನೆಗೆ ಸವಳು ಮಣ್ಣು ಹರಡಿ ಬಡಿದರೆ ನೀರು ಒಳಗಿಳಿಯದೆ ಕಲ್ಲಿನ ದೋಣಿಯಿಂದ ಬೀದಿಗೆ ಧುಮುಕುತ್ತಿತ್ತು. ಕೃಷ್ಣೆಯ ದಂಡೆಯ ಈ ಬಿಸಿಲು ಸೀಮೆಯಲ್ಲಿ ನಡು ಮಧ್ಯಾಹ್ನವೂ ಒಳಗೆ ತಂಪು.

ತಲೆಬಾಗಿಲಿನ ಅಗುಳಿಯನ್ನು ನೋಡಬೇಕು. ಗೋಡೆಯ ಹೊಟ್ಟೆಯೊಳಗೇ ಅಡಗಿರುವ ಉದ್ದನೆಯ ಮರದ ತುಂಡು; ರಾತ್ರಿ ಎಳೆದರೆ ಜಾರಿ ಬಂದು ಎದುರು ಗೋಡೆಯ ಗುಳಿಯಲ್ಲಿ ಕೂರುತ್ತದೆ. ತಲೆಮಾರುಗಳ ಕೈ ತಾಗಿ ಅದರ ತುದಿ ನುಣುಪಾಗಿರುತ್ತದೆ.

ನಾರಾಯಣಪೇಟೆಯ ನೇಕಾರರಿಗೆ ಪಡಸಾಲೆಯೇ ಕಾರ್ಖಾನೆ. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗೆ, ಕೈ ನೆಲಮಟ್ಟದಲ್ಲಿ. ಬೆಳಕೂ ಅಷ್ಟೇ ಕೆಳಗೆ ಬೀಳಬೇಕು. ಮಣ್ಣಿನ ತೇವಕ್ಕೆ ನೂಲು ಬೇಗ ಹರಿಯುತ್ತಿರಲಿಲ್ಲ. ಟೈಲ್ಸ್ ಹಾಕಿದ ನೆಲದಲ್ಲಿ ಕುಣಿ ತೋಡುವವರು ಯಾರು?

1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಗದ್ವಾಲದಲ್ಲಿ ಸಂಸ್ಥಾನದ ಕೋಟೆಯಾದರೂ ಇದೆ. ಒಳಗೆ ಚೆನ್ನಕೇಶವನ ಗುಡಿ, ಅಲ್ಲೇ ಕಾಲೇಜು. ಜನ ಓಡಾಡುವುದರಿಂದ ಆ ಆವರಣಕ್ಕೆ ಉಸಿರಿದೆ. ಮನೆಗಳಿಗೆ ಆ ಭಾಗ್ಯವಿಲ್ಲ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದ ಜಾರ್ಜಿಯನ್ ಇಟ್ಟಿಗೆ ಮನೆಯಾದರೆ, ಬಾಗಿಲ ಮೇಲಿನ ಬೀಸಣಿಗೆಯಾಕಾರದ ಗಾಜಿನ ಕಿಂಡಿ ಕೀಳಲೂ ಅನುಮತಿ ಬೇಕು. ಇಲ್ಲಿ ಕೆತ್ತನೆಯ ಚೌಕಟ್ಟು ಕೀಳಲು ಹಳೆ ಮರದ ವ್ಯಾಪಾರಿ, ಒಂದು ಲಾರಿ ಸಾಕು.

ಹಾಗಂತ ಎಲ್ಲವೂ ಚಂದವಿತ್ತೆಂದರೆ ಸುಳ್ಳಾದೀತು. ಚೇಳು, ಹೊಗೆ, ಕತ್ತಲೆ ಎಲ್ಲ ಇದ್ದವು. ಸೋರುವ ಜಂತಿಯಡಿಯಿಂದ ಹಾಸಿಗೆ ಎಳೆದಾಡಿದ ಹೆಂಗಸರಿಗೆ ಆರ್‌ಸಿಸಿ ಬಂದದ್ದು ಬಿಡುಗಡೆಯೇ. ಆದರೆ ಈ ಮನೆಗಳನ್ನು ಕೆಡವಿದ್ದು ಸಿಮೆಂಟೊಂದೇ ಅಲ್ಲ. ವರ್ಷವರ್ಷ ಮಣ್ಣು ಹೊರುತ್ತಿದ್ದ ಕೈಗಳು ಹೈದರಾಬಾದು, ಮುಂಬೈ, ಪುಣೆಗೆ ಕಟ್ಟಡದ ಕೆಲಸ ಹುಡುಕಿ ಗುಳೆ ಹೋದವು. ಎರಡು ಮಳೆಗಾಲ ಮಣ್ಣು ಬೀಳದಿದ್ದರೆ ಮಾಳಿಗೆಯ ಮೇಲೆ ಹುಲ್ಲು, ಆಮೇಲೆ ತೊಲೆಗೆ ಗೆದ್ದಲು. ಪರ ಊರವರ ಮನೆಗೆ ಸ್ಲ್ಯಾಬ್ ಹಾಕಿ ಉಳಿಸಿದ ದುಡ್ಡಲ್ಲಿ ಇವರೂ ಸ್ಲ್ಯಾಬ್ ಹಾಕಿಸಿಕೊಂಡರು. ಮೇ ತಿಂಗಳಲ್ಲಿ ಕರೆಂಟು ಹೋಗಿ ಕೂಲರ್ ನಿಂತರೆ, ಹಿತ್ತಲಲ್ಲಿ ಕೆಡವದೆ ಬಿಟ್ಟ ಒಂದಂಕಣದ ಹಳೆ ಮಾಳಿಗೆಗೆ ಚಾಪೆ ಹಿಡಿದು ನಡೆಯುವವರೂ ಇವರೇ.